ಮೂವತ್ತೆಂಟು ಹೆಜ್ಜೆ

ಕಾರಿನ ಬಾಗಿಲಿನಿಂದ ಕ್ಲಿನಿಕ್ಕಿನ ಬಾಗಿಲಿಗೆ
ಮೂವತ್ತೆಂಟು ಹೆಜ್ಜೆ. ನನ್ನ ಹೆಜ್ಜೆ.
ಕಾಲುದ್ದದವರಿಗೆ ಮೂವತ್ತು ಸಾಕು.
ಕೆಲವರಿಗೆ ಲೆಕ್ಕವೇ ಸಿಗುವುದಿಲ್ಲ,
ನೆಲ ನೋಡುತ್ತ ಬರುತ್ತಾರೆ,
ಹಣೆಗೆ ಗಾಜು ತಾಗಿದಾಗಲೇ ಬಾಗಿಲು ಬಂತೆಂದು ಗೊತ್ತು.

ನಾನು ವರ್ನೀಸ್. ಹಳದಿ ಜಾಕೀಟು, ದೊಡ್ಡ ಕೊಡೆ.
ಇಪ್ಪತ್ತಾರು ವರ್ಷ ಈ ಊರಲ್ಲಿ ಶಾಲೆಯ ಬಸ್ಸು ಓಡಿಸಿದವಳು.
ಈಗ ಶನಿವಾರ ಬೆಳಿಗ್ಗೆ ಏಳಕ್ಕೆ ಇಲ್ಲಿರುತ್ತೇನೆ,
ಇಲಿನಾಯ್‌ನ ಈ ಕಟ್ಟಕಡೆಯ ಅಂಚಿನಲ್ಲಿ,
ಒಹಾಯೊ ನದಿಯ ಗಾಳಿಗೆ ಬೆನ್ನು ಕೊಟ್ಟು.
ನದಿಯಾಚೆ ಕಾನೂನು ಬೇರೆ. ಅದಕ್ಕೇ ಇಲ್ಲಿ ನಿಲ್ಲುವ ಕಾರುಗಳೆಲ್ಲ
ಕೆಂಟಕಿ, ಟೆನಿಸಿ, ಅರ್ಕನ್ಸಾ;
ಮುಂದಿನ ಗಾಜಿನ ತುಂಬ ರಾತ್ರಿಯಿಡೀ ಬಡಿದು ಸತ್ತ ಹುಳ.

ಅವರೂ ಏಳಕ್ಕೇ ಬರುತ್ತಾರೆ.
ಮಡಚುವ ಕುರ್ಚಿ, ಫ್ಲಾಸ್ಕು, ಆಳೆತ್ತರದ ಚಿತ್ರಗಳು,
ಬೂಟಿನ ಡಬ್ಬಿಯಷ್ಟು ಪುಟ್ಟ ಬಿಳಿ ಶವಪೆಟ್ಟಿಗೆ.
ಒಬ್ಬಾಕೆ ಕಾರಿನ ನಂಬರುಗಳನ್ನು ಬರೆದುಕೊಳ್ಳುತ್ತಾಳೆ,
ದಿನಸಿ ಚೀಟಿ ಬರೆದಷ್ಟು ಸಾವಧಾನವಾಗಿ.
ಕೂಗುವವನು ಕೋಲ್ಬಿ.
ಒಂದು ಕಾಲಕ್ಕೆ ನನ್ನ ಬಸ್ಸಿನ ಮೂರನೇ ಸೀಟು,
ಧಾನ್ಯದ ಗೋದಾಮಿನ ತಿರುವಿನಲ್ಲಿ ಪ್ರತಿದಿನ ವಾಂತಿ.
ಅವನಿಗೆಂದೇ ಒಂದು ಚೀಲ ಇಟ್ಟಿರುತ್ತಿದ್ದೆ.
ಈಗ ಅವನ ಕೈಯಲ್ಲಿ ಧ್ವನಿವರ್ಧಕ.
'ಅಮ್ಮಾ' ಎನ್ನುತ್ತಾನೆ, ಇಳಿದ ಪ್ರತಿಯೊಬ್ಬಳಿಗೂ.
'ಅಮ್ಮಾ, ನನ್ನ ಕೊಲ್ಲಬೇಡ' –
ಮಗುವಿನ ದನಿ ಮಾಡಿ, ನಲವತ್ತರ ಗಂಡಸು.

ಹೆಸರು ಕೇಳುವುದಿಲ್ಲ ನಾವು.
ಆವತ್ತು ಬಂದವಳು ಅರ್ಕನ್ಸಾದ ನೀಲಿ ಕಾರಿನವಳು.
ಹಿಂದಿನ ಸೀಟಿನಲ್ಲಿ ಮಕ್ಕಳ ಕುರ್ಚಿ ಎರಡು,
ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಒಂಟಿ ಕಾಲುಚೀಲ.
ಕೊಡೆಯನ್ನು ಅವರ ಕಡೆಗೆ ವಾಲಿಸಿ ಹಿಡಿದೆ.
ನನ್ನನ್ನೇ ನೋಡು ಎಂದೆ, ಹವಾಮಾನದ ಮಾತಾಡೋಣ ಎಂದೆ.
ಹದಿನಾರನೇ ಹೆಜ್ಜೆಗೆ 'ಅಮ್ಮಾ' ಎಂದ ಅವನು.
ಅವಳು ತಿರುಗಿದಳು.

ತಿರುಗಲೇಬೇಕು. ಮನೆಯಲ್ಲಿ ಆ ಕೂಗಿಗೆ
ಒಲೆಯ ಮೇಲಿನ ಹಾಲು ಬಿಟ್ಟು ತಿರುಗಿ ತಿರುಗಿ
ಕತ್ತಿಗೆ ಹತ್ತಿದ ಅಭ್ಯಾಸ ಅದು.
ಕಣ್ಣೆದುರಿಗೆ ಆಳೆತ್ತರದ ಚಿತ್ರ.

ಒಳಗೆ ರಕ್ತದೊತ್ತಡದ ಯಂತ್ರ ನೂರಾ ಎಪ್ಪತ್ತು ತೋರಿಸಿತಂತೆ.
ನೀರು ಕುಡಿಯಿರಿ, ಅರ್ಧ ಗಂಟೆ ಕೂತಿರಿ, ಮತ್ತೆ ನೋಡೋಣ.
ಟೀವಿಯಲ್ಲಿ ಯಾರೋ ಕೇಕಿಗೆ ಸಕ್ಕರೆ ಬಳಿಯುತ್ತಿದ್ದರು,
ಶಬ್ದ ಎಷ್ಟು ಏರಿಸಿದರೂ ಗೋಡೆಯಾಚೆಯದು ಕೇಳುತ್ತಿತ್ತು.
ಮನಸ್ಸು ಎಂದೋ ತೀರ್ಮಾನವಾಗಿತ್ತು,
ಅಡುಗೆಮನೆಯಲ್ಲಿ, ಬಾಡಿಗೆಯ ಲೆಕ್ಕದ ಪಕ್ಕ.
ರಕ್ತ ಮಾತ್ರ ಹೊರಗಿನವರ ಕೂಗಿಗೆ ಓಗೊಡುತ್ತಿತ್ತು.

ಅದೇ ಹೊತ್ತಿಗೆ ಬೂದುಬಣ್ಣದ ಕಾರೊಂದು
ಬೀದಿಯನ್ನು ಮೂರು ಸಲ ಸುತ್ತಿತು.
ಗಾಜು ಇಳಿಯಲಿಲ್ಲ. ನಾನು ಕೈ ಬೀಸಿದೆ.
ನಾಲ್ಕನೇ ಸಲ ಸೇತುವೆಯ ಕಡೆ ಹೊರಟುಹೋಯಿತು.
ಅವರು ಚಪ್ಪಾಳೆ ತಟ್ಟಿದರು,
ಉಳಿದ ಜೀವಗಳ ಹಲಗೆಯಲ್ಲಿ ಒಂದು ಗೀಟು ಎಳೆದರು.
ಬುಧವಾರ ಅದೇ ಕಾರು ಮರಳಿ ಬಂತೆಂದು ಆಮೇಲೆ ತಿಳಿಯಿತು;
ಬುಧವಾರ ಇಲ್ಲಿ ಧ್ವನಿವರ್ಧಕ ಇರುವುದಿಲ್ಲ.
ಮತ್ತೆ ಇನ್ನೂರೆಪ್ಪತ್ತು ಮೈಲಿ, ಮತ್ತೊಂದು ದಿನದ ಕೂಲಿ ಖೋತಾ,
ನಾಲ್ಕು ದಿನ ತಡ.
ಗೀಟು ಹಾಗೇ ಇದೆ.

ನೀಲಿ ಕಾರಿನವಳು ಹೊರಬಂದಾಗ ಹನ್ನೊಂದೂವರೆ.
ಹಿಂತಿರುಗುವ ಹೆಜ್ಜೆಗಳೂ ಮೂವತ್ತೆಂಟೇ.
ಕಾರು ಹತ್ತಿ, ಬೀಗದಕೈ ತಿರುಗಿಸದೆ ಕೇಳಿದಳು:
'ಆ ಹೆಂಗಸು ನನ್ನ ನಂಬರು ಬರೆದುಕೊಂಡಳಾ?'
ಇಲ್ಲ ಎಂದೆ.
ಈ ಜಾಕೀಟು ತೊಟ್ಟು ನಾನು ಹೇಳುವ ಸುಳ್ಳು ಅದೊಂದೇ.

ಹನ್ನೆರಡಕ್ಕೆ ಅವರು ಕುರ್ಚಿ ಮಡಚುತ್ತಾರೆ.
'ಬರ್ತೀನಿ ಮಿಸ್ ವರ್ನೀಸ್' ಎನ್ನುತ್ತಾನೆ ಕೋಲ್ಬಿ, ತನ್ನದೇ ದನಿಯಲ್ಲಿ,
ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟು ರಸ್ತೆಗೆ ಇಳಿಯುತ್ತಾನೆ.
ಉತ್ತರ ಕೊಡುವುದಿಲ್ಲ ನಾನು.
ಆದರೆ ಅವನು ಆಚೆ ಬದಿ ಮುಟ್ಟುವ ತನಕ
ಎಡಕ್ಕೊಮ್ಮೆ, ಬಲಕ್ಕೊಮ್ಮೆ
ನೋಡುತ್ತಲೇ ಇರುತ್ತದೆ ನನ್ನ ಹಾಳು ಕತ್ತು.